ಕಲ್ಲಿನ ಮೈ, ಸುಣ್ಣದ ಸಂದು

ಕರ್ನಾಟಕದಲ್ಲಿ ಎತ್ತರಕ್ಕೂ ಕಲ್ಲಿಗೂ ಅಷ್ಟಕ್ಕಷ್ಟೇ. ಎತ್ತರದ ಕಟ್ಟಡಗಳು ಕಲ್ಲಿನವಲ್ಲ, ಕಲ್ಲಿನವು ಅಷ್ಟು ಎತ್ತರದವಲ್ಲ. ಬೆಂಗಳೂರಿಗರು ಮೊದಲ ಸಲ ಕತ್ತೆತ್ತಿ ನೋಡಿದ ಗಗನಚುಂಬಿ ಮಹಾತ್ಮಾ ಗಾಂಧಿ ರಸ್ತೆಯ ಪಬ್ಲಿಕ್ ಯುಟಿಲಿಟಿ ಕಟ್ಟಡ. 1970ರ ದಶಕದ ಆ 25 ಅಂತಸ್ತಿನ ಕಟ್ಟಡ ಪೂರ್ತಿ ಕಾಂಕ್ರೀಟಿನದು. ನಮ್ಮ ಉತ್ತರ ಕನ್ನಡದಲ್ಲಿ ಪ್ರವಾಸಿಗರು ಲಿಫ್ಟಿನಲ್ಲಿ ಹತ್ತಿ ಸಮುದ್ರ ನೋಡುವ ಮುರ್ಡೇಶ್ವರದ ರಾಜಗೋಪುರವೂ ಕಾಂಕ್ರೀಟೇ. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ನಾಲ್ಕೂ ತಾಲ್ಲೂಕು ಸೇರಿಸಿ ಮನುಷ್ಯ ಕಟ್ಟಿದ ಎತ್ತರದ್ದೇನಿದೆ ಎಂದು ಹುಡುಕಿದರೆ ಸಿಗುವುದು 101 ಮೀಟರಿನ ಸೂಪಾ ಅಣೆಕಟ್ಟು. ವಿಧಾನಸೌಧ ಕಲ್ಲಿನದು, ನಿಜ. ಆದರೆ ಅದರ ಗತ್ತು ಇರುವುದು ಅಗಲದಲ್ಲಿ.

ಹಾಗಿದ್ದರೂ ಒಂದು ಎತ್ತರದ ಕಲ್ಲಿನ ಗೋಪುರವನ್ನು ನಮ್ಮದು ಎಂದು ಹೇಳಿಕೊಳ್ಳಲು ನಮಗೆ ಹಕ್ಕಿದೆ. ಅದು ಮುಂಬಯಿಯ ಕೋಟೆ ಪ್ರದೇಶದಲ್ಲಿರುವ ರಾಜಾಬಾಯಿ ಗಡಿಯಾರ ಗೋಪುರ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಮುಂಡಗೋಡ ಆಗ ಯಲ್ಲಾಪುರಕ್ಕೆ ಸೇರಿದ ಒಂದು ಪೇಟಾ, ಅಂದರೆ ಉಪತಾಲ್ಲೂಕು. ಅಂದಿನಿಂದ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಈ ಸೀಮೆಯ ಹುಡುಗರು ಮ್ಯಾಟ್ರಿಕ್ಯುಲೇಶನ್ನಿಗೆ ಕೂತರೂ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎ. ಮುಗಿಸಿದರೂ ಕೈಗೆ ಬರುತ್ತಿದ್ದ ಕಾಗದದ ಮೇಲೆ ಮುಂಬಯಿ ವಿಶ್ವವಿದ್ಯಾಲಯದ ಮುದ್ರೆ ಇರುತ್ತಿತ್ತು. ಆ ವಿಶ್ವವಿದ್ಯಾಲಯದ ಗ್ರಂಥಾಲಯದ ನೆತ್ತಿಯ ಮೇಲೆ ನಿಂತಿರುವುದೇ ರಾಜಾಬಾಯಿ ಗೋಪುರ. ಅಟ್ಟದ ಟ್ರಂಕಿನಲ್ಲಿ ಅಜ್ಜನ ಸನದು ಇಟ್ಟುಕೊಂಡಿರುವ ಮನೆಗಳಿಗೆ ಇದು ದೂರದ ಊರಿನ ಕಟ್ಟಡವೇನಲ್ಲ.

ಗೋಪುರದ ಎತ್ತರ 280 ಅಡಿ, ಅಂದರೆ ಸುಮಾರು 85 ಮೀಟರ್. ನಕ್ಷೆ ಬರೆದವರು ಲಂಡನ್ನಿನ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಅವರು ಭಾರತಕ್ಕೆ ಕಾಲಿಟ್ಟವರೇ ಅಲ್ಲ. ನಕ್ಷೆ ಹಡಗಿನಲ್ಲಿ ಬಂತು, ಕಲ್ಲು ಮುಂಬಯಿಯ ಕುರ್ಲಾ ಕಡೆಯಿಂದ ಬಂತು, ಕೈ ಇಲ್ಲಿಯ ಕಲ್ಲುಕುಟಿಗರದು. 1869ರಲ್ಲಿ ಅಡಿಗಲ್ಲು ಬಿದ್ದ ಕೆಲಸ 1878ರ ನವೆಂಬರಿನಲ್ಲಿ ಮುಗಿಯಿತು. ಅದೇ ವರ್ಷದ ಮಾರ್ಚಿನಲ್ಲಿ ಸ್ಕಾಟ್ ತೀರಿಕೊಂಡಿದ್ದರು. 2 ಲಕ್ಷ ರೂಪಾಯಿ ಕೊಟ್ಟವರು ಹತ್ತಿ ವ್ಯಾಪಾರದ ದೊರೆ ಪ್ರೇಮಚಂದ್ ರಾಯಚಂದ್. ಗೋಪುರಕ್ಕೆ ತಾಯಿ ರಾಜಾಬಾಯಿಯ ಹೆಸರಿಡಬೇಕೆಂಬುದು ಅವರ ಷರತ್ತು. ತಳದಲ್ಲಿ ಚೌಕ, ಮೇಲಕ್ಕೆ ಹೋದಂತೆ ಎಂಟು ಮೂಲೆ. ಮೈಮೇಲೆ ಪಶ್ಚಿಮ ಭಾರತದ ಬೇರೆ ಬೇರೆ ಸಮುದಾಯಗಳ ಜನರ 24 ಕಲ್ಲಿನ ವಿಗ್ರಹಗಳು. ಅವುಗಳ ಮಾದರಿ ಮಾಡಿಕೊಟ್ಟವರು ಸಹಾಯಕ ಎಂಜಿನಿಯರ್ ಆಗಿದ್ದ ರಾವ್ ಬಹಾದ್ದೂರ್ ಮುಕುಂದ ರಾಮಚಂದ್ರ. ಲಂಡನ್ನಿನ ಗಾಥಿಕ್ ನಕ್ಷೆಯ ಮೇಲೆ ಪೇಟ ಸುತ್ತಿದ ನಮ್ಮ ಜನರನ್ನು ಕೂರಿಸಿದ ಆ ಎಂಜಿನಿಯರನ ಹೆಸರು ಸ್ಕಾಟ್ ಹೆಸರಿನಷ್ಟು ಯಾಕೆ ಓಡಾಡುವುದಿಲ್ಲವೋ!

2013ರಿಂದ 2015ರವರೆಗೆ ಗೋಪುರಕ್ಕೂ ಗ್ರಂಥಾಲಯಕ್ಕೂ ದೊಡ್ಡ ಪ್ರಮಾಣದ ದುರಸ್ತಿ ನಡೆಯಿತು. ಇಂಡಿಯನ್ ಹೆರಿಟೇಜ್ ಸೊಸೈಟಿಯ ಮುಂಬಯಿ ಶಾಖೆ ಮುಂದೆ ನಿಂತಿತು, ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸುಮಾರು 4 ಕೋಟಿ ರೂಪಾಯಿ ಕೊಟ್ಟಿತು, ವಾಸ್ತುಶಿಲ್ಪದ ಹೊಣೆ ಬೃಂದಾ ಸೋಮಯ ಅವರ ‘ಸೋಮಯ ಅಂಡ್ ಕಾಳಪ್ಪ’ ಸಂಸ್ಥೆಯದು. (ಹೆಸರು ಓದಿದೊಡನೆ ಕನ್ನಡಿಗರಿಗೆ ಕೊಡಗು ನೆನಪಾಗದೆ ಇರದು.) 2018ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಗಳ ಪಟ್ಟಿಯಲ್ಲಿ ಈ ಕೆಲಸವೂ ಸೇರಿತು. ಅದೇ ವರ್ಷ ಮುಂಬಯಿಯ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮೂಹ ವಿಶ್ವ ಪರಂಪರೆಯ ತಾಣವಾಯಿತು; ಗೋಪುರ ಅದರ ಒಂದು ಭಾಗ.

ಪ್ರಶಸ್ತಿಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆದರೆ ಇಂಥ ಕೆಲಸದಲ್ಲಿ ನಿಜಕ್ಕೂ ಏನು ಮಾಡುತ್ತಾರೆ? ಕಲ್ಲು ಕಲ್ಲೇ ತಾನೆ, ಅದಕ್ಕೇನು ದುರಸ್ತಿ ಎಂದು ಕೇಳುವವರು ಇದ್ದೇ ಇದ್ದಾರೆ. ಕೇಳುವುದು ನ್ಯಾಯವೇ.

ಕಟ್ಟಡದ ಕಲ್ಲು ಕೆಡುವುದು ಬಹುಮಟ್ಟಿಗೆ ನೀರಿನಿಂದ. ಮೇಲೆ ಬಿದ್ದು ಹರಿದುಹೋಗುವ ಮಳೆಯಿಂದಲ್ಲ, ಒಳಗೆ ಹೊಕ್ಕು ಹೊರಬರಲಾಗದೆ ಉಳಿದ ನೀರಿನಿಂದ. ಸಮುದ್ರದ ಗಾಳಿ ತಂದ ಉಪ್ಪು ಆ ನೀರಿನಲ್ಲಿ ಕರಗಿ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರಿದಾಗ ಉಪ್ಪು ಹರಳುಗಟ್ಟುತ್ತದೆ, ಹರಳು ಬೆಳೆಯಲು ಜಾಗ ಸಾಲದೆ ಕಲ್ಲಿನ ಕಣವನ್ನೇ ಒತ್ತಿ ಒಡೆಯುತ್ತದೆ. ವರ್ಷಕ್ಕೊಂದು ಮಳೆಗಾಲ ಎಂದು ಹಿಡಿದರೂ ನೂರು ವರ್ಷದಲ್ಲಿ ನೂರು ಸಲ ಈ ಒತ್ತಾಟ. ಕೊನೆಗೊಂದು ದಿನ ಮುಖದ ಪದರ ಚಕ್ಕೆಯಾಗಿ ಕಳಚಿಕೊಳ್ಳುತ್ತದೆ.

ಇದರ ಜೊತೆಗೆ ನಗರದ ಹೊಗೆ. ಆ ಕಾಲದ ಮುಂಬಯಿ ಕಟ್ಟಡಗಳಲ್ಲಿ ನಾಜೂಕು ಕೆತ್ತನೆಗೆ ಪೋರಬಂದರಿನ ಸುಣ್ಣಕಲ್ಲನ್ನು ಬಳಸುತ್ತಿದ್ದರು. ಹೊಗೆಯ ಗಂಧಕ ಸುಣ್ಣಕಲ್ಲಿನೊಡನೆ ಸೇರಿದರೆ ಜಿಪ್ಸಮ್ ಆಗುತ್ತದೆ; ಮಸಿ ಅದರೊಳಗೆ ಸಿಕ್ಕಿಕೊಂಡು ಕರಿ ಹೊಪ್ಪಳೆ ಕಟ್ಟುತ್ತದೆ. ಹಳೆಯ ಕಟ್ಟಡವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರಬಹುದು: ಮಳೆ ನೇರ ಬೀಳುವ ಕಡೆ ಕಲ್ಲು ಬೆಳ್ಳಗಿರುತ್ತದೆ, ಸಜ್ಜೆಯ ಕೆಳಗೆ, ಎಲೆಬಳ್ಳಿಯ ಕೆತ್ತನೆಯ ಸಂದಿನಲ್ಲಿ, ಮಳೆ ತಾಗದ ಕಡೆಯೇ ಕಪ್ಪು. ಹೊಪ್ಪಳೆ ಬರಿಯ ಕೊಳೆಯಲ್ಲ. ಕಲ್ಲಿನದೇ ಮುಖ ಬೇರೆ ಪದಾರ್ಥವಾಗಿ ಬದಲಾಗಿರುವುದು. ಕಿತ್ತರೆ ಕೆತ್ತನೆಯೂ ಕಿತ್ತು ಬರುತ್ತದೆ.

ಮೂರನೆಯ ಶತ್ರು ಕಬ್ಬಿಣ. ಎರಡು ಕಲ್ಲುಗಳನ್ನು ಬಿಗಿಹಿಡಿಯಲು ಒಳಗೆ ಕಬ್ಬಿಣದ ಕೊಂಡಿ ಕೂಡಿಸುವುದು ಹಳೆಯ ಪದ್ಧತಿ. ನೀರು ಸೋಕಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಕಲ್ಲು ಒಳಗಿನಿಂದಲೇ ಸೀಳುತ್ತದೆ. ಹೊರಗೆ ಕಾಣುವುದು ಕೂದಲೆಳೆಯ ಬಿರುಕು, ಅದರಂಚಿಗೆ ಕೆಂಪು ಕಲೆ.

ಆದ್ದರಿಂದ ಮೊದಲ ಕೆಲಸ ಸುತ್ತಿಗೆ ಹಿಡಿಯುವುದಲ್ಲ, ನೋಡುವುದು ಮತ್ತು ಕೇಳುವುದು. ಇಡೀ ಮುಖದ ಚಿತ್ರ ತೆಗೆದು ಒಂದೊಂದು ಕಲ್ಲಿಗೂ ನಂಬರು ಕೊಡುತ್ತಾರೆ. ಈಗ ಡ್ರೋನ್ ಇದೆ, ಲೇಸರ್ ಅಳತೆ ಇದೆ. ಆದರೂ ಅಟ್ಟಣಿಗೆ ಕಟ್ಟಿ ಹತ್ತಿ ಕೈಯಿಂದ ಮುಟ್ಟಿ ನೋಡದೆ ಯಾವ ಸಂರಕ್ಷಕನೂ ಸಹಿ ಹಾಕುವುದಿಲ್ಲ. ಮರದ ಕೊಡತಿಯಿಂದ ಕಲ್ಲನ್ನು ಮೆಲ್ಲಗೆ ತಟ್ಟುತ್ತಾರೆ. ಹಲಸಿನಕಾಯಿ ಬಡಿದು ಬಲಿತಿದೆಯೋ ಇಲ್ಲವೋ ಹೇಳುವ ನಮ್ಮ ಅಜ್ಜಿಯರ ಕಿವಿಯೇ ಇಲ್ಲಿ ಬೇಕು: ಗಟ್ಟಿ ಕಲ್ಲು ಠಣ್ಣೆನ್ನುತ್ತದೆ, ಪದರ ಬಿಟ್ಟ ಕಲ್ಲು ಡಬ್ಬೆನ್ನುತ್ತದೆ. ಡಬ್ಬೆಂದ ಕಲ್ಲಿಗೆ ಸೀಮೆಸುಣ್ಣದ ಗುರುತು ಬೀಳುತ್ತದೆ.

ಹಳೆಯ ಫೋಟೊಗಳೂ ಈ ಹಂತದಲ್ಲಿ ಕೆಲಸಕ್ಕೆ ಬರುತ್ತವೆ. ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಹಂಪಿ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣಗಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಹಿಡಿದಿಟ್ಟ. ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಇಲ್ಲ. ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವು ನೋಡುವುದು ಶಿಖರ ಕಳೆದುಕೊಂಡ ರಥವನ್ನು. ಆ ಫೋಟೊ ಇಲ್ಲದಿದ್ದರೆ ರಥ ಹೀಗೆಯೇ ಇತ್ತೆಂದು ನಾವೆಲ್ಲ ನಂಬಿಕೊಂಡಿರುತ್ತಿದ್ದೆವು.

ತೊಳೆಯುವುದು ಎಲ್ಲರ ಕಣ್ಣಿಗೆ ಬೀಳುವ ಕೆಲಸ, ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಅನಾಹುತವೂ ಇದರಲ್ಲೇ. ಮರಳು ಊದಿ ಉಜ್ಜಿದರೆ ಎರಡು ದಿನದಲ್ಲಿ ಕಟ್ಟಡ ಹೊಸದರಂತೆ ಹೊಳೆಯುತ್ತದೆ. ಗಣಿಯಿಂದ ಬಂದ ಕಲ್ಲು ಗಾಳಿಗೆ ಬಲಿತು ಹೊರಮೈಯಲ್ಲಿ ಗಟ್ಟಿ ಪದರವೊಂದನ್ನು ಕಟ್ಟಿಕೊಂಡಿರುತ್ತದಲ್ಲ, ಮರಳು ಅದನ್ನೇ ಕೆರೆದುಹಾಕುತ್ತದೆ. ಒಳಗಿನ ಮೆತ್ತನೆಯ ಕಲ್ಲು ಬಯಲಿಗೆ ಬಿದ್ದು ಮುಂದಿನ ಹತ್ತು ಮಳೆಗಾಲದಲ್ಲಿ ಹಿಂದಿನ ನೂರು ವರ್ಷದಷ್ಟು ಸವೆಯುತ್ತದೆ. ಆಮ್ಲ ಸುರಿದರೆ ಸುಣ್ಣಕಲ್ಲೇ ಕರಗುತ್ತದೆ. ಬಲ್ಲವರು ಬಳಸುವುದು ತೆಳುವಾದ ನೀರಿನ ತುಂತುರು, ಹಬೆ, ನೈಲಾನ್ ಬ್ರಷ್ಷು. ಉಪ್ಪು ತೆಗೆಯಬೇಕಾದಲ್ಲಿ ಜೇಡಿಯನ್ನೋ ಕಾಗದದ ತಿರುಳನ್ನೋ ಒದ್ದೆ ಮಾಡಿ ಕಲ್ಲಿಗೆ ಮೆತ್ತುತ್ತಾರೆ. ಆರುತ್ತಾ ಆರುತ್ತಾ ಅದು ಉಪ್ಪನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಒಂದು ಗಜ ಗೋಡೆಗೆ ದಿನಗಟ್ಟಲೆ. ಇಷ್ಟು ವ್ಯವಧಾನ ಇಲ್ಲದವರು ಮಸಿಯನ್ನು ಮಸಿಯಾಗಿಯೇ ಬಿಟ್ಟುಬಿಡುವುದು ಮೇಲು. ಕಪ್ಪಾದ ವಿಗ್ರಹ ನನಗೆ ಬೇಸರ ತರಿಸುವುದಿಲ್ಲ, ಮೂಗು ಸವೆದ ವಿಗ್ರಹ ತರಿಸುತ್ತದೆ.

ನಿಜವಾದ ಕೆಲಸ ಇರುವುದು ಸಂದಿನಲ್ಲಿ. ಎರಡು ಕಲ್ಲುಗಳ ನಡುವಿನ ಬೆರಳಗಲದ ಗಾರೆಯ ಗೆರೆ ಇದೆಯಲ್ಲ, ಇಡೀ ಗೋಡೆಯ ಉಸಿರಾಟ ಅದರ ಮೂಲಕ. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗೆ, ಕಲ್ಲಿಗಿಂತ ಹೆಚ್ಚು ರಂಧ್ರವುಳ್ಳದ್ದು. ಒಳಗೆ ಹೊಕ್ಕ ನೀರು ಸಂದಿನಿಂದ ಆರಿಹೋಗುತ್ತದೆ, ಉಪ್ಪು ಹರಳುಗಟ್ಟಿದರೂ ಒಡೆಯುವುದು ಗಾರೆ, ಕಲ್ಲಲ್ಲ. ಐವತ್ತು-ಅರವತ್ತು ವರ್ಷಕ್ಕೊಮ್ಮೆ ಹಳೆಯ ಗಾರೆ ಕೆರೆದು ಹೊಸದು ತುಂಬಿದರಾಯಿತು. ಕಲ್ಲನ್ನು ಉಳಿಸಲು ತಾನು ಸವೆಯುವುದೇ ಅದರ ಉದ್ಯೋಗ.

20ನೆಯ ಶತಮಾನದಲ್ಲಿ ಸಿಮೆಂಟು ಬಂದು ಈ ಲೆಕ್ಕ ತಲೆಕೆಳಗಾಯಿತು. ಸಿಮೆಂಟು ಬೇಗ ಬಿಗಿಯುತ್ತದೆ, ಕಲ್ಲಿಗಿಂತ ಗಟ್ಟಿಯಾಗುತ್ತದೆ, ನೀರು ಬಿಡುವುದಿಲ್ಲ. ಸಂದಿಗೆ ಸಿಮೆಂಟು ತುಂಬಿದ ಗೋಡೆಯಲ್ಲಿ ನೀರು ಹೊರಬರಲು ಉಳಿಯುವ ದಾರಿ ಕಲ್ಲಿನ ಮುಖವೊಂದೇ. ಕೆಲವು ವರ್ಷದ ಮೇಲೆ ನೋಡಿದರೆ ಸಿಮೆಂಟಿನ ಗೆರೆಗಳು ಬಲೆಯ ಹಾಗೆ ಮುಂದೆ ಚಾಚಿಕೊಂಡಿರುತ್ತವೆ, ನಡುವಿನ ಕಲ್ಲುಗಳು ಒಳಗೆ ಸವೆದು ಗುಳಿ ಬಿದ್ದಿರುತ್ತವೆ. ದುರಸ್ತಿ ಮಾಡಿದ್ದು ಉಳಿಯಿತು, ದುರಸ್ತಿ ಮಾಡಿಸಿಕೊಂಡದ್ದು ಹೋಯಿತು. ಹಾಗಾಗಿ ಇಂದಿನ ಸಂರಕ್ಷಣೆಯಲ್ಲಿ ಅರ್ಧ ಶ್ರಮ ಹಿಂದಿನವರು ತುಂಬಿದ ಸಿಮೆಂಟನ್ನು ತೆಗೆಯುವುದಕ್ಕೇ ಹೋಗುತ್ತದೆ. ಕಟಿಂಗ್ ಮಶೀನ್ ಹಾಕಿದರೆ ಕಲ್ಲಿನ ಅಂಚೂ ಹಾರುತ್ತದೆ, ಸಣ್ಣ ಉಳಿ ಹಿಡಿದು ಕೈಯಿಂದಲೇ ಬಿಡಿಸಬೇಕು. ಸಂದಿನ ಅಗಲದ ಎರಡು-ಎರಡೂವರೆ ಪಟ್ಟು ಆಳಕ್ಕೆ ಕೆರೆದು, ಧೂಳು ತೊಳೆದು, ಒದ್ದೆ ಇರುವಾಗಲೇ ಸುಣ್ಣದ ಗಾರೆಯನ್ನು ಸ್ವಲ್ಪ ಸ್ವಲ್ಪವೇ ಒತ್ತಿ ತುಂಬಿ, ಮೇಲೆ ಗೋಣಿತಾಟು ಹೊದಿಸಿ ದಿನಗಟ್ಟಲೆ ನೀರು ಚಿಮುಕಿಸುತ್ತಿರಬೇಕು.

ಪೂರ್ತಿ ಹಾಳಾದ ಕಲ್ಲಿಗೆ ತೇಪೆ. ಕೆಟ್ಟ ಭಾಗವನ್ನು ಚೌಕವಾಗಿ ಕತ್ತರಿಸಿ ತೆಗೆದು, ಅದೇ ಜಾತಿಯ ಕಲ್ಲಿನ ತುಂಡನ್ನು ಅಳತೆಗೆ ಕೆತ್ತಿ, ತುಕ್ಕು ಹಿಡಿಯದ ಉಕ್ಕಿನ ಮೊಳೆಯಿಂದ ಕೂರಿಸುತ್ತಾರೆ. ಕಲ್ಲು ಗಣಿಯಲ್ಲಿ ಮಲಗಿದ್ದ ರೀತಿಯಲ್ಲೇ ಗೋಡೆಯಲ್ಲೂ ಮಲಗಬೇಕು. ಪದರಗಳನ್ನು ನಿಲ್ಲಿಸಿ ಕೂರಿಸಿದರೆ ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಮುಂಬಯಿಯಂಥ ಊರಿನಲ್ಲಿ ತೊಡಕೆಂದರೆ ಹಳೆಯ ಗಣಿಗಳ ಮೇಲೆಯೇ ಊರು ಬೆಳೆದುಬಿಟ್ಟಿದೆ. ಹೊಂದುವ ಬಣ್ಣ, ಹೊಂದುವ ಕಣದ ಕಲ್ಲು ಹುಡುಕುವುದರಲ್ಲೇ ತಿಂಗಳು ಕಳೆಯುತ್ತದೆ. ಕೆಡವಿದ ಹಳೆಯ ಮನೆಗಳ ಕಲ್ಲನ್ನು ಸಂರಕ್ಷಕರು ಬಂಗಾರದ ಹಾಗೆ ಎತ್ತಿಡುತ್ತಾರೆ. ತೇಪೆ ಎಷ್ಟು ಹೊಂದಬೇಕು ಎಂಬುದಕ್ಕೂ ಒಂದು ಶಿಷ್ಟಾಚಾರ ಇದೆ. 1964ರ ವೆನಿಸ್ ಸನ್ನದಿನ ಪ್ರಕಾರ ಹೊಸ ತುಂಡು ಒಟ್ಟು ನೋಟಕ್ಕೆ ಒಗ್ಗಬೇಕು, ಆದರೆ ಹತ್ತಿರ ಹೋಗಿ ನೋಡಿದವನಿಗೆ ಹೊಸದೆಂದು ತಿಳಿಯಬೇಕು. ಹಳೆಯದರ ವೇಷ ಹಾಕಿ ಮೋಸ ಮಾಡಬಾರದು.

ತಪ್ಪು ದುರಸ್ತಿಯ ದೊಡ್ಡ ಕಥೆ ಅಥೆನ್ಸಿನದು. 1898ರಿಂದ 1933ರವರೆಗೆ ನಿಕೊಲಾವೊಸ್ ಬಲಾನೊಸ್ ಎಂಬ ಎಂಜಿನಿಯರ್ ಅಕ್ರೊಪೊಲಿಸ್ ಗುಡ್ಡದ ದೇವಾಲಯಗಳನ್ನು ಕಬ್ಬಿಣದ ಕೊಂಡಿ ಹಾಕಿ ಬಿಗಿದ. ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕರೂ ಕಬ್ಬಿಣವನ್ನೇ ಹಾಕಿದ್ದರು, ಆದರೆ ಅದರ ಸುತ್ತ ಸೀಸ ಎರೆದಿದ್ದರು, ನೀರು ತಾಗದಂತೆ. ಬಲಾನೊಸನ ಕೊಂಡಿಗಳಿಗೆ ಆ ಭಾಗ್ಯವಿರಲಿಲ್ಲ. ಅವು ತುಕ್ಕು ಹಿಡಿದು ಅಮೃತಶಿಲೆಯನ್ನು ಸೀಳಿದವು. 1975ರಿಂದ ಇಂದಿನವರೆಗೂ ಗ್ರೀಕರು ಅವನ ಕಬ್ಬಿಣವನ್ನು ಬಿಚ್ಚಿ ಟೈಟೇನಿಯಮ್ ಹಾಕುತ್ತಿದ್ದಾರೆ.

ಗಗನಚುಂಬಿಗಳ ತವರಾದ ಅಮೆರಿಕದ ಕಥೆ ಇನ್ನೊಂದು ಬಗೆ. ಅಲ್ಲಿ ಕಲ್ಲು ಭಾರ ಹೊರುವುದಿಲ್ಲ, ಉಕ್ಕಿನ ಅಸ್ಥಿಪಂಜರಕ್ಕೆ ಹೊದಿಸಿದ ಹೊದಿಕೆ ಅಷ್ಟೇ. ಹೊದಿಕೆ ತೆಳುವಾದಷ್ಟೂ ಅಗ್ಗ. ಶಿಕಾಗೊದಲ್ಲಿ 1973ರಲ್ಲಿ ಎದ್ದ 83 ಅಂತಸ್ತಿನ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಡಕ್ಕೆ ಇಟಲಿಯ ಕರಾರಾದಿಂದ 43,000 ಅಮೃತಶಿಲೆಯ ಹಲಗೆಗಳನ್ನು ತಂದು ಹೊದಿಸಿದರು. ದಪ್ಪ ಒಂದೂಕಾಲು ಇಂಚು. ಮೈಕೆಲಾಂಜೆಲೊ ಕೆತ್ತಿದ್ದು ಇದೇ ಕರಾರಾ ಕಲ್ಲನ್ನು, ಆದರೆ ಅವನೇನೂ ಅದನ್ನು ಹಪ್ಪಳದಷ್ಟು ತೆಳ್ಳಗೆ ಕೊಯ್ದಿರಲಿಲ್ಲ. ಕಟ್ಟಡ ಪೂರ್ತಿಯಾದ ಮರುವರ್ಷವೇ ಒಂದು ಹಲಗೆ ಕಳಚಿ ಪಕ್ಕದ ಕಟ್ಟಡದ ಮಾಡನ್ನು ತೂರಿಕೊಂಡು ಹೋಯಿತು. ಶಿಕಾಗೊದ ಸೆಕೆ-ಚಳಿಯಲ್ಲಿ ಹಿಗ್ಗಿ ಕುಗ್ಗಿ ಹಲಗೆಗಳು ಬಿಲ್ಲಿನಂತೆ ಬಾಗತೊಡಗಿದ್ದವು. ಕಡೆಗೆ 1990ರಿಂದ 92ರವರೆಗೆ ಅಷ್ಟೂ ಅಮೃತಶಿಲೆಯನ್ನು ಇಳಿಸಿ ನಾರ್ತ್ ಕೆರೊಲೈನಾದ ಮೌಂಟ್ ಏರಿ ಗ್ರಾನೈಟನ್ನು ಹೊದಿಸಿದರು. ಖರ್ಚು ಸುಮಾರು 8 ಕೋಟಿ ಡಾಲರ್. ಇಳಿಸಿದ ಅಮೃತಶಿಲೆಯಲ್ಲಿ ಬಹುಪಾಲು ಜಲ್ಲಿಯಾಗಿ ಒಂದು ತೈಲಾಗಾರದ ಅಂಗಳ ಸೇರಿತು.

ನ್ಯೂಯಾರ್ಕಿನಲ್ಲಿ ಬೆಲೆ ತೆತ್ತದ್ದು ಒಂದು ಜೀವ. 1979ರಲ್ಲಿ ಗ್ರೇಸ್ ಗೋಲ್ಡ್ ಎಂಬ ಕಾಲೇಜು ಹುಡುಗಿ ಬ್ರಾಡ್‌ವೇಯಲ್ಲಿ ನಡೆದು ಹೋಗುತ್ತಿದ್ದಾಗ ಹಳೆಯ ಕಟ್ಟಡವೊಂದರ ಮೇಲಿಂದ ಕಳಚಿದ ತುಂಡು ತಲೆಗೆ ಬಿದ್ದು ಸತ್ತಳು. ಮರುವರ್ಷವೇ ನಗರ ಕಾನೂನು ಮಾಡಿತು. ಆರು ಅಂತಸ್ತಿಗಿಂತ ಎತ್ತರದ ಕಟ್ಟಡದ ಮುಖವನ್ನು ಐದು ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷೆ ಮಾಡಿಸಲೇಬೇಕು. ಅಪಾಯವಿದ್ದರೆ ಕೆಳಗಿನ ಕಾಲುದಾರಿಗೆ ಮಾಡು ಕಟ್ಟಬೇಕು. ಅಲ್ಲಿಗೆ ಹೋಗಿ ಬಂದ ನಮ್ಮ ಮಂದಿ ‘ಊರೆಲ್ಲ ಹಸಿರು ಹಲಗೆಯ ಚಪ್ಪರ’ ಎಂದು ಹೇಳುವುದು ಈ ಮಾಡುಗಳನ್ನೇ. ಕೆಲವು ಮಾಲೀಕರು ದುರಸ್ತಿಗಿಂತ ಚಪ್ಪರವೇ ಅಗ್ಗವೆಂದು ವರ್ಷಗಟ್ಟಲೆ ಅದನ್ನೇ ಇಟ್ಟುಕೊಂಡಿರುತ್ತಾರೆ. ಕಾನೂನಿಗೂ ಸಂದು ಇದ್ದೇ ಇರುತ್ತದೆ.

ಈಗ ಮುಂಡಗೋಡಿಗೆ ಬರೋಣ. ಇಲ್ಲಿಯ ಟಿಬೆಟನ್ ಕ್ಯಾಂಪಿಗೆ ರಜೆಯ ದಿನ ಹೋಗಿ ಮೊಮೊ ತಿಂದು ಬರುವ ನಮಗೆ ನೆನಪಾಗದ ಸಂಗತಿಯೊಂದಿದೆ. 1966ರಲ್ಲಿ ಇಲ್ಲಿ ನೆಲೆಗೊಂಡ ಜನ, ಆಮೇಲೆ ಬಂದು ಗಾಂದೆನ್, ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದ ಭಿಕ್ಷುಗಳು ಬಿಟ್ಟುಬಂದ ನಾಡಿನಲ್ಲಿ ಜಗತ್ತಿನ ಅತಿ ಹಳೆಯ ಕಲ್ಲಿನ ‘ಗಗನಚುಂಬಿ’ಗಳಲ್ಲೊಂದು ಇದೆ. ಅದು ಲ್ಹಾಸಾದ ಪೊಟಾಲ ಅರಮನೆ. 1645ರಲ್ಲಿ ಐದನೆಯ ದಲೈ ಲಾಮಾ ಕಟ್ಟಲು ಶುರು ಮಾಡಿದ್ದು. 13 ಅಂತಸ್ತು, ಸುಮಾರು 117 ಮೀಟರ್; ನಮ್ಮ ಸೂಪಾ ಅಣೆಕಟ್ಟಿಗಿಂತ ಎತ್ತರ. ಕಲ್ಲಿನ ಗೋಡೆಗಳು ತಳದಲ್ಲಿ ಹಲವು ಮೀಟರ್ ದಪ್ಪ, ಮೇಲೆ ಹೋದಂತೆ ಒಳಕ್ಕೆ ವಾಲುತ್ತಾ ತೆಳುವಾಗುತ್ತವೆ. ನೆತ್ತಿಯಲ್ಲಿ ಕಾಣುವ ಕೆಂಗಂದು ಪಟ್ಟಿ ಕಲ್ಲೇ ಅಲ್ಲ. ಅದು ಪೊದೆಗಿಡದ ಕಡ್ಡಿಗಳನ್ನು ಕಟ್ಟು ಕಟ್ಟಿ, ತುದಿ ಹೊರಗೆ ಬರುವಂತೆ ಒತ್ತಾಗಿ ಪೇರಿಸಿ ಬಣ್ಣ ಬಳಿದದ್ದು. ಮೇಲಿನ ಅಂತಸ್ತುಗಳ ಭಾರ ಕಡಿಮೆಯಾಗಲೆಂದು ಮಾಡಿದ ಉಪಾಯ. ಭಾರ ಇಳಿಸುವ ಚಿಂತೆ ಶಿಕಾಗೊದವರಿಗಿಂತ ಮುನ್ನೂರು ವರ್ಷ ಮೊದಲೇ ಅಲ್ಲಿ ನಡೆದಿತ್ತು, ಹೆಚ್ಚು ಬುದ್ಧಿವಂತಿಕೆಯಿಂದ.

ಪೊಟಾಲಕ್ಕೆ 1989ರಿಂದ 94ರವರೆಗೆ ದೊಡ್ಡ ಜೀರ್ಣೋದ್ಧಾರ ಆಗಿದೆ, ಆಮೇಲೆ ಇನ್ನೊಂದು. ಆದರೆ ಅದರ ಬಿಳಿ ಮೈಯನ್ನು ಕಾಪಾಡಿರುವುದು ಈ ದೊಡ್ಡ ಯೋಜನೆಗಳಿಗಿಂತ ಹೆಚ್ಚಾಗಿ ಪ್ರತಿ ಶರತ್ಕಾಲದ ಸುಣ್ಣ. ಬುದ್ಧ ದೇವಲೋಕದಿಂದ ಇಳಿದುಬಂದ ದಿನವೆಂದು ಆಚರಿಸುವ ಹಬ್ಬಕ್ಕೆ ಮೊದಲು ಊರ ಜನ ಸೇರಿ ಸುಣ್ಣಕ್ಕೆ ಹಾಲು, ಸಕ್ಕರೆ, ಜೇನು ಬೆರೆಸಿ ಗೋಡೆಗೆ ಎರಚುತ್ತಾರೆ. ಹಗ್ಗ ಕಟ್ಟಿಕೊಂಡು ಇಳಿಯುವವರು ಇಳಿಯುತ್ತಾರೆ, ಕಿಟಕಿಯಿಂದ ಬಕೆಟ್ಟಿನಲ್ಲಿ ಸುರಿಯುವವರು ಸುರಿಯುತ್ತಾರೆ. ಹಾಲಿನ ಪ್ರೋಟೀನು ಸುಣ್ಣವನ್ನು ಹಿಡಿದಿಡುತ್ತದೆ, ಸಕ್ಕರೆ ಸುಣ್ಣವನ್ನು ಹೆಚ್ಚು ಕರಗಿಸಿ ಆಳಕ್ಕೆ ಇಳಿಸುತ್ತದೆ. ಭಕ್ತಿ ಮತ್ತು ರಸಾಯನಶಾಸ್ತ್ರ ಒಂದೇ ಬಕೆಟ್ಟಿನಲ್ಲಿ. ವರ್ಷಕ್ಕೊಮ್ಮೆ ಇಡೀ ಊರು ಗೋಡೆ ಮುಟ್ಟುತ್ತದೆ ಎಂದರೆ ವರ್ಷಕ್ಕೊಮ್ಮೆ ಪರೀಕ್ಷೆಯೂ ಆಯಿತು. ನ್ಯೂಯಾರ್ಕಿನ ಹಾಗೆ ಐದು ವರ್ಷ ಕಾಯಬೇಕಿಲ್ಲ. ರಾಜಾಬಾಯಿ ಗೋಪುರಕ್ಕೆ ಇಲ್ಲದಿರುವುದು ಇದೇ. ಕಟ್ಟಿ 135 ವರ್ಷವಾದ ಮೇಲೆ ಒಬ್ಬ ದಾನಿ ಬರಬೇಕಾಯಿತು. 4 ಕೋಟಿ ಒಮ್ಮೆ ಕೊಡುವವರು ಸಿಗುತ್ತಾರೆ, ವರ್ಷವರ್ಷ ಸಂದಿನಲ್ಲಿ ಬೆಳೆದ ಅರಳಿ ಸಸಿ ಕೀಳಲು ಒಬ್ಬ ಆಳಿನ ಸಂಬಳ ಕೊಡುವವರು ಸಿಗುವುದಿಲ್ಲ. ಯಾಕೆಂದರೆ ಅದಕ್ಕೆ ಫಲಕ ಹಾಕಿಸಲು ಬರುವುದಿಲ್ಲ.

ನಮ್ಮ ಸುತ್ತಮುತ್ತ ಎತ್ತರದ ಗೋಪುರ ಇಲ್ಲದಿದ್ದರೂ ಕಲ್ಲಿನ ಮುಖಗಳಿಗೆ ಬರವಿಲ್ಲ. ಪಕ್ಕದ ತಾಲ್ಲೂಕಾದ ಹಾನಗಲ್ಲಿನಲ್ಲಿ ತಾರಕೇಶ್ವರ ದೇವಾಲಯವಿದೆ, ಆ ಕಡೆ ಬನವಾಸಿಯಲ್ಲಿ ಮಧುಕೇಶ್ವರ. ತಾರಕೇಶ್ವರದ ಕಂಬಗಳು ಬಳಪದ ಜಾತಿಯ ಕಲ್ಲಿನವು. ಉಗುರಿನಲ್ಲಿ ಗೀರಿದರೆ ಗೆರೆ ಮೂಡುವಷ್ಟು ಮೆದು, ಆದ್ದರಿಂದಲೇ ಚಕ್ರಕ್ಕೆ ಕೂರಿಸಿ ತಿರುಗಿಸಿದಂಥ ನುಣುಪು ಬಳೆಗಳು ಅದರಲ್ಲಿ ಸಾಧ್ಯವಾದವು. ಬಳೆಯ ಅಂಚಿಗೆ ಕಣ್ಣು ಹತ್ತಿರ ಹಿಡಿದರೆ ಎಂಟು-ಒಂಬತ್ತು ಶತಮಾನದ ಹಿಂದಿನ ಉಳಿಯ ಗೆರೆ ಇನ್ನೂ ಚೂಪಾಗಿ ಕಾಣುತ್ತದೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಒಣದಾಗಿ ಕೂತಿದೆ, ನಡುವೆ ಗಾರೆಯಿಲ್ಲ. ಇಂಥ ಗೋಡೆಯ ಸಂದಿಗೆ ಸಿಮೆಂಟು ತುರುಕಿದರೆ ಆಗುವ ಹಾನಿ ಮುಂಬಯಿಯದಕ್ಕಿಂತ ಹೆಚ್ಚು. ಇವೆರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಬಚಾವಾದವು. ಪಟ್ಟಿಗೆ ಸೇರದ ಊರ ಗುಡಿಗಳ ಪಾಡು ಬೇರೆ. ಜಾತ್ರೆಗೆ ಮುಂಚೆ ಆಯಿಲ್ ಪೇಂಟು, ಗರ್ಭಗುಡಿಗೆ ಟೈಲ್ಸು, ನೀರು ತೊಟ್ಟಿಕ್ಕಿದಲ್ಲಿ ಸಿಮೆಂಟು. ಶ್ರದ್ಧೆಯಿಂದಲೇ ಮಾಡುತ್ತಾರೆ, ಅದೇ ಕಷ್ಟ. 1991ರಲ್ಲಿ ಶುರುವಾದ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯದ ಉದ್ದಗಲಕ್ಕೆ ಇಂಥ ಕಲ್ಲಿನ ಗುಡಿಗಳನ್ನು ಬಿಚ್ಚಿ, ಕಲ್ಲಿಗೆ ನಂಬರು ಹಾಕಿ, ಅದೇ ಜಾಗದಲ್ಲಿ ಮತ್ತೆ ಜೋಡಿಸುವ ಕೆಲಸ ಮಾಡಿಕೊಂಡು ಬಂದಿದೆ. ಊರವರು ದುಡ್ಡು ಕೂಡಿಸಿ ಬಣ್ಣ ತರುವ ಮೊದಲು ಅಲ್ಲಿಗೆ ಒಂದು ಅರ್ಜಿ ಹಾಕುವುದು ಒಳ್ಳೆಯದು.

ಮನೆಗಳ ಮಾತಿಗೆ ಬಂದರೆ ನಮ್ಮದು ಜಂಬಿಟ್ಟಿಗೆ, ಅಂದರೆ ಕೆಂಪು ಚಿರೆಕಲ್ಲು. 1801ರಲ್ಲಿ ಸೋಂದಾ, ಬನವಾಸಿ ದಾರಿಯಾಗಿ ಈ ಸೀಮೆಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕನನ್ ಮುಂದೆ ತನ್ನ ಪ್ರವಾಸದ ಪುಸ್ತಕದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದಲ್ಲಿರುವಾಗ ಕೊಡಲಿಗೆ ಸಿಗುವ ಕಲ್ಲು ಗಾಳಿಗೆ ಬಂದ ಮೇಲೆ ಗಡುಸಾಗುತ್ತದೆ. ಅದರ ಮೈತುಂಬ ತೂತು, ನೀರು ಹೀರುತ್ತದೆ, ಬಿಡುತ್ತದೆ. ಅಜ್ಜನ ಕಾಲದ ಮನೆಗೆ ಹೊರಗಿನಿಂದ ಸಿಮೆಂಟು ಗಿಲಾವು ಮಾಡಿಸಿ ಮೇಲೆ ಪ್ಲಾಸ್ಟಿಕ್ ಪೇಂಟು ಹೊಡೆಸಿದರೆ ಎರಡನೆಯ ಮಳೆಗಾಲಕ್ಕೇ ಗೋಡೆ ಒಳಗಿನಿಂದ ಬೆವರುತ್ತದೆ, ನೆಲದಿಂದ ಮೂರಡಿ ಎತ್ತರಕ್ಕೆ ಬಿಳಿ ಉಪ್ಪು ಹೂ ಬಿಡುತ್ತದೆ, ಗಿಲಾವು ಹಾಳೆಹಾಳೆಯಾಗಿ ಎದ್ದು ಬರುತ್ತದೆ. ಮೇಸ್ತ್ರಿ ಬಂದು ಇನ್ನೊಂದು ಕೋಟು ಸಿಮೆಂಟು ಹೇಳುತ್ತಾನೆ. ರಾಜಾಬಾಯಿ ಗೋಪುರಕ್ಕೆ ಏನು ಔಷಧವೋ ಇದಕ್ಕೂ ಅದೇ: ಸಿಮೆಂಟು ತೆಗೆಯಿರಿ, ಮಾಡಿನಿಂದ ನೀರು ಎಲ್ಲಿ ಇಳಿಯುತ್ತಿದೆ ನೋಡಿ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಸುಣ್ಣದ ಗಾರೆ.

ಸುಣ್ಣದ ಗಾರೆಗೆ ಬೇಕಾದದ್ದು ನಮ್ಮ ಜಿಲ್ಲೆಯಲ್ಲೇ ಇದೆ. ಕರಾವಳಿಯ ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ಸಿಗುತ್ತದೆ, ಸುಟ್ಟರೆ ಸುಣ್ಣ. ಹಿಂದೆ ಗಾರೆಗೆ ಬೆಲ್ಲದ ನೀರು ಮತ್ತು ಅಳಲೆಕಾಯಿಯ ರಸ ಬೆರೆಸುತ್ತಿದ್ದರು. ಇಂದಿಗೂ ಸಂರಕ್ಷಣೆಯ ಕೆಲಸದಲ್ಲಿ ಬಲ್ಲವರು ಬೆರೆಸುತ್ತಾರೆ. ಆ ಅಳಲೆಕಾಯಿ ನಮ್ಮ ಕಾಡಿನ ಕಿರು ಉತ್ಪನ್ನ. ಒಂದು ಕಾಲಕ್ಕೆ ಚರ್ಮ ಹದ ಮಾಡಲು ಇಲ್ಲಿಂದ ಹೊರದೇಶಕ್ಕೂ ಹೋಗುತ್ತಿತ್ತು. ಇಲ್ಲದಿರುವುದು ಗಾರೆ ಅರೆಯುವ ಕೈ. ಸುಣ್ಣ-ಮರಳಿನ ಪ್ರಮಾಣ ಕಣ್ಣಂದಾಜಿನಲ್ಲಿ ಹೇಳುತ್ತಿದ್ದ ತಲೆಮಾರು ಹೋಯಿತು. ಈಗ ಕಲಿಯಬೇಕೆಂದರೆ ಹಂಪಿಯಲ್ಲೋ ಮೈಸೂರಿನಲ್ಲೋ ಸಂರಕ್ಷಣೆಯ ಕೆಲಸ ನಡೆಯುವಲ್ಲಿಗೆ ಹೋಗಿ ಕೈ ಕೆಸರು ಮಾಡಿಕೊಳ್ಳಬೇಕು.

ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಮೊದಮೊದಲು ಜೋರು ಮಳೆ ಬಿದ್ದರೆ ಕೊಚ್ಚಿಹೋಗುತ್ತದೆ, ಚೈತ್ರದ ಸುಡುಬಿಸಿಲು ಬಿದ್ದರೆ ಹುಡಿಯಾಗುತ್ತದೆ. ಮುಂಡಗೋಡ ಸೀಮೆಯಲ್ಲಿ ಈ ಕೆಲಸಕ್ಕೆ ಸಿಗುವ ಅವಧಿ ದೀಪಾವಳಿಯಿಂದ ಹೋಳಿ ಹುಣ್ಣಿಮೆಯವರೆಗೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಮುಚ್ಚಿಟ್ಟು ವಾರಗಟ್ಟಲೆ ಹದವಾಗಲು ಬಿಡಬೇಕಾಗುತ್ತದೆ. ಹಾಗಾಗಿ ದೀಪಾವಳಿ ಕಳೆದೊಡನೆ ಗೋಡೆ ಮುಟ್ಟಬೇಕೆನ್ನುವವರು ನವರಾತ್ರಿಗೆ ಮೊದಲೇ ಸುಣ್ಣ ನೆನೆಹಾಕಿಡಬೇಕು.